ನೆಲಕ್ಕೆ ಕಿವಿಯಿಟ್ಟವರು

ಯಳಂದೂರಿನ ನನ್ನ ತವರುಮನೆ ಅಂಗಳದಲ್ಲಿ ಒಬ್ಬರು ಬೋರಲು ಬಿದ್ದಿದ್ದರು. ನಾನು ಚೊಚ್ಚಲ ಬಸುರಿ, ಹೆರಿಗೆಗೆಂದು ಕೊಳ್ಳೇಗಾಲದಿಂದ ಬಂದು ಎರಡು ದಿನವಾಗಿತ್ತು. ಮಧ್ಯಾಹ್ನದ ನಿದ್ದೆ ಇನ್ನೂ ಕಣ್ಣಿನಿಂದ ಇಳಿದಿರಲಿಲ್ಲ. ಬಾಗಿಲಿಗೆ ಬಂದು ನೋಡುತ್ತೇನೆ, ಬಿಸಿಲಲ್ಲಿ ಒಂದು ದೇಹ, ಕೆನ್ನೆ ನೆಲಕ್ಕಂಟಿದೆ, ಕಣ್ಣು ಮುಚ್ಚಿದೆ. ಅಯ್ಯೋ ಶಿವನೇ, ಯಾರೋ ಹೋಗಿಬಿಟ್ಟರು ಎಂದು ಕೂಗಿಕೊಂಡೆ. ಆ ದೇಹ ಮಿಸುಕಾಡದೆ ಒಂದು ಬೆರಳನ್ನು ಮಾತ್ರ ಮೇಲೆತ್ತಿ, "ಪೊರು ತಾಯಿ, ಪೊರು" ಎಂದಿತು. ಪೊರು ಎಂದರೆ ತಮಿಳಿನಲ್ಲಿ ತಾಳು ಎಂದು. ಸತ್ತವರು ತಮಿಳು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಮೊನ್ನೆ ಬಂಡಳ್ಳಿ ಕಡೆಯಿಂದ ಹುಣಸೆಹಣ್ಣು ಮಾರಲು ಬಂದವಳು ಅವರು ನಿಜವಾಗಿಯೂ ಹೋದ ಸುದ್ದಿ ತಂದಳು. ತೂಕ ಹಾಕುತ್ತ ಹಾಕುತ್ತಲೇ ಹೇಳಿ, ಬುಟ್ಟಿ ಹೊತ್ತುಕೊಂಡು ಹೊರಟುಹೋದಳು. ನಾನು ಹುಣಸೆಹಣ್ಣನ್ನು ಒಳಗಿಡುವುದನ್ನೂ ಮರೆತು ಜಗಲಿಯ ಮೇಲೆ ಕೂತಿದ್ದೆ. ಮಧ್ಯಾಹ್ನದ ಮಂಪರಿನಲ್ಲಿ ಎಲ್ಲಿಂದಲೋ ದಮ್, ದಮ್ ಎಂದು ನೆಲ ಕುಟ್ಟುವ ಸದ್ದು ಬಂದ ಹಾಗಾಯಿತು. ಎದ್ದು ನೋಡಿದರೆ ಬೀದಿಯಲ್ಲಿ ಯಾರೂ ಇಲ್ಲ.

ಅವರು ತಮಿಳು ಗಡಿಯ ಕಡೆಯವರು, ಗಾರೆ ಕೆಲಸದವರು. ಮನೆ ಕಟ್ಟುವ ಮೇಸ್ತ್ರಿಯಲ್ಲ. ಬಿರುಕು ಬಿಟ್ಟ, ಕುಸಿದ ಅಂಗಳಗಳನ್ನು ರಿಪೇರಿ ಮಾಡುವವರು. ನಮ್ಮ ಕಡೆಯ ದೊಡ್ಡ ಮನೆಗಳಲ್ಲಿ ಬೀದಿ ಗೇಟಿನಿಂದ ಜಗಲಿಯವರೆಗೆ ಗಾಡಿ ಬರಲೆಂದು ಗಾರೆ ಹಾಕಿದ ದಾರಿ ಇರುತ್ತದಲ್ಲ, ಅದು. ರಾಗಿ ಮೂಟೆಯ ಗಾಡಿ, ರೇಷ್ಮೆಗೂಡಿನ ಗಾಡಿ, ಹೆಣ್ಣು ಕರೆತರುವ ಕಮಾನು ಗಾಡಿ ಎಲ್ಲ ಅದರ ಮೇಲೆಯೇ ಉರುಳಿ ಬಂದು ಜಗಲಿಗೆ ತಾಗಿ ನಿಲ್ಲಬೇಕು. ನಾಲ್ಕು ಮಳೆ ಕಂಡರೆ ಅದು ಬಿರಿಯುತ್ತದೆ, ಎಲ್ಲೋ ಒಂದು ಕಡೆ ಕುಸಿಯುತ್ತದೆ. ಆಗ ಇವರಿಗೆ ಹೇಳಿ ಕಳಿಸುತ್ತಿದ್ದರು. ಹನೂರು, ಕೊಳ್ಳೇಗಾಲ, ಯಳಂದೂರು, ಸತ್ತೇಗಾಲ, ಎಲ್ಲಿಗಾದರೂ ಸರಿ, ಹೆಗಲ ಮೇಲೆ ನೆಲ ಕುಟ್ಟಿ ಗಟ್ಟಿ ಮಾಡುವ ದಮ್ಮಸ್ಸಿನ ಕೋಲು ಇಟ್ಟುಕೊಂಡು ಬರುತ್ತಿದ್ದರು. ಬಸ್ಸಿನ ಕಂಡಕ್ಟರು ಆ ಭಾರದ ಕೋಲನ್ನು ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ಹೆಚ್ಚಾಗಿ ನಡೆದೇ.

ಆಗೆಲ್ಲ ನಮ್ಮಂಥ ಮನೆಗಳಲ್ಲಿ ಅವರಿಗೆ ಏಕವಚನವೇ. ಈಗ ಬರೆಯಲು ಕೂತರೆ ಕೈ ಒಪ್ಪುವುದಿಲ್ಲ. ಹೆಸರನ್ನೂ ಬರೆಯುವುದಿಲ್ಲ. ಮಿಕ್ಕ ಮೇಸ್ತ್ರಿಗಳು ಕೆಲಸ ಮುಗಿದ ಮೇಲೆ ಹಸಿ ಗಾರೆಯ ಮೂಲೆಯಲ್ಲಿ ಹೆಸರೋ ಇಸವಿಯೋ ಗೀರಿ ಹೋಗುತ್ತಿದ್ದರು. ಇವರು ತಮ್ಮ ಹೆಜ್ಜೆಯ ಗುರುತನ್ನೂ ಹಿಂದಕ್ಕೆ ನಡೆಯುತ್ತ ಒರೆಸಿಕೊಂಡು ಹೋಗುವವರು. ಅಂಥವರ ಹೆಸರನ್ನು ನಾನಿಲ್ಲಿ ಗೀರಿ ಬೈಸಿಕೊಳ್ಳಲಾರೆ.

ಯಳಂದೂರಿನ ಆ ಒಂದೂವರೆ ತಿಂಗಳು ನನಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಹೊಟ್ಟೆ ಹೊತ್ತುಕೊಂಡು ಕಂಬಕ್ಕೆ ಒರಗಿ, ಅವರು ಮಾಡುವುದನ್ನು ನೋಡುತ್ತ ಅರೆನಿದ್ದೆಯಲ್ಲಿ ಕೂತಿರುತ್ತಿದ್ದೆ. ಅವರಿಗೂ ಅವಸರವೆಂಬುದಿಲ್ಲ. ಮೊದಲ ದಿನ ಬಿರುಕಿನ ಉದ್ದಕ್ಕೂ ಚಿಟಿಕೆ ಚಿಟಿಕೆ ಬೆಲ್ಲದ ಪುಡಿ ಹಾಕಿ ಸುಮ್ಮನೆ ಕೂತರು. ಇರುವೆಗಳು ಬಂದವು. ಕೆಲವು ಕಡೆ ಬೆಲ್ಲ ಹೊತ್ತು ಮೇಲೆಯೇ ಓಡಾಡಿದವು, ಒಂದು ಕಡೆ ಮಾತ್ರ ಸಾಲುಗಟ್ಟಿ ಒಳಕ್ಕಿಳಿದವು, ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. ಅಲ್ಲಿ ಸುಣ್ಣದಲ್ಲಿ ಗುರುತು ಹಾಕಿದರು. ನನ್ನ ಅಪ್ಪ ನಕ್ಕರೆ, ಇರುವೆಗಿಂತ ದೊಡ್ಡ ಓವರ್‌ಸಿಯರ್ ಯಾರಿದ್ದಾರೆ, ಲಂಚ ಅಂದರೆ ಚಿಟಿಕೆ ಬೆಲ್ಲ ಅಷ್ಟೇ ಎಂದರು. ಎರಡನೆಯ ದಿನ ಅಲ್ಲಿಗೆ ಒಂದು ಚೊಂಬು ನೀರು ಹೊಯ್ದು, ನೆಲ ಅದನ್ನು ಎಷ್ಟು ಹೊತ್ತಿಗೆ ಕುಡಿದು ಮುಗಿಸುತ್ತದೆಂದು ಕಾದರು. ಮೂರನೆಯ ದಿನ ಕೋಲಿನಿಂದ ಕುಟ್ಟುತ್ತ ಕುಟ್ಟುತ್ತ ಬಂದು, ತಲೆಯ ಟವೆಲು ಬಿಚ್ಚಿ ಪಕ್ಕಕ್ಕಿಟ್ಟು, ಬೋರಲು ಮಲಗಿ ಕಿವಿ ಇಟ್ಟರು. ಎರಡು ದಿನದಿಂದ ನೋಡುತ್ತಿದ್ದವರೇ ಎಂದು ನಿದ್ದೆಗಣ್ಣಿಗೆ ಹೊಳೆಯದೆ ನಾನು ಕೂಗಿಕೊಂಡದ್ದು ಆ ದಿನವೇ.

ನೆಲ ಏನು ಹೇಳುತ್ತದೆ ಎಂದು ನಾನು ಕೀಟಲೆಗೆ ಕೇಳಿದೆ. ಅವರು ಕೀಟಲೆ ಎಂದುಕೊಳ್ಳಲೇ ಇಲ್ಲ.

"ಗಟ್ಟಿ ನೆಲ ಮಾತಾಡಲ್ಲ ಕಣವ್ವ. ಟೊಳ್ಳು ನೆಲವೇ ಮಾತಾಡದು. ಅದು ಸುಮ್ಕಾಗೋಗಂಟ ನಂಗ್ ಕೆಲ್ಸ."

ಆಮೇಲೆ ಅಗೆತ. ಬಿರುಕು ಗೇಣಗಲ ಇದ್ದರೆ ಮೊಳದಗಲ ಅಗೆಯುತ್ತಿದ್ದರು. ಗರಸು ಮಣ್ಣು ಒಂದು ಗೇಣು, ಅದರ ಮೇಲೆ ದಮ್ಮಸ್ಸು. ಇಟ್ಟಿಗೆ ಜಲ್ಲಿ ಒಂದು ಗೇಣು, ಮತ್ತೆ ದಮ್ಮಸ್ಸು. ಕೊನೆಗೆ ಸುಣ್ಣದ ಗಾರೆ. ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಬೆರೆತ ಆ ಗಾರೆಯ ವಾಸನೆ ಬಾಣಂತಿಯ ಕೋಣೆಗೂ ಬರುತ್ತಿತ್ತು. ನನ್ನ ಮಗಳು ಹುಟ್ಟಿ ಮೊದಲು ಉಸಿರಾಡಿದ್ದು ಆ ವಾಸನೆಯನ್ನೇ. ಇವತ್ತಿಗೂ ಎಲ್ಲಾದರೂ ಬೆಲ್ಲ ಕರಗಿದರೆ ನನಗೆ ಎದೆ ಭಾರವಾದಂತಾಗುತ್ತದೆ.

ಅವರದೊಂದು ಕಟ್ಟಳೆ ಇತ್ತು. ಹೊಸ ಗಾರೆ ಒಣಗಿದ ಮೇಲೆ ಮನುಷ್ಯರು ಮೊದಲು ತುಳಿಯುವಂತಿಲ್ಲ, ಎತ್ತು ತುಳಿಯಬೇಕು. ಎತ್ತಿನ ಬೆನ್ನಿನ ಮೇಲೆ ಕೈಯಿಟ್ಟು, ತಲೆ ಓರೆ ಮಾಡಿ, ಗೊರಸಿನ ಸದ್ದು ಕೇಳುತ್ತ ತಾವೂ ಪಕ್ಕದಲ್ಲಿ ನಡೆಯುತ್ತಿದ್ದರು. ನಮ್ಮ ಮನೆಯ ಎತ್ತು ಗೇಟಿನಿಂದ ಜಗಲಿವರೆಗೆ ಹಾಗೆ ನಡೆದು ಬಂದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮಾವಿನ ಮರದ ನೆರಳು ಅದರ ಮೈಮೇಲೆ ಹರಿದಾಡುತ್ತಿತ್ತು, ಮೂವರು ನಾಲ್ವರು ಸುಮ್ಮನೆ ನಿಂತು ನೋಡುತ್ತಿದ್ದೆವು. ದೇವರ ಮೆರವಣಿಗೆಯಲ್ಲೂ ನಮ್ಮ ಮನೆಯವರು ಅಷ್ಟು ಸುಮ್ಮನಿದ್ದವರಲ್ಲ.

ಆ ದಿನವೇ ಅವರು ನನ್ನನ್ನು ಎಲ್ಲಿಗೆ ಕೊಟ್ಟಿದ್ದಾರೆ ಎಂದು ಕೇಳಿದ್ದು. ಕೊಳ್ಳೇಗಾಲದ ಇಂಥ ಬೀದಿ, ಇಂಥವರ ಮನೆ ಎಂದೆ. ಕೊಳ್ಳೇಗಾಲ ಆಗಷ್ಟೇ ಮದ್ರಾಸಿನಿಂದ ಮೈಸೂರಿಗೆ ಸೇರಿತ್ತು, ನಾನು ಸೇರಿದ್ದೂ ಅದೇ ವರ್ಷ. ಅವರ ಮುಖ ಇದ್ದಕ್ಕಿದ್ದಂತೆ ಕಳೆಗುಂದಿತು. ಎಲೆಯಡಿಕೆ ಉಗಿಯಲು ಗೇಟಿನ ಆಚೆ ಹೋಗಿ (ಇನ್ನೊಬ್ಬರ ಅಂಗಳದಲ್ಲಿ ಅವರು ಎಂದೂ ಉಗುಳಿದವರಲ್ಲ) ಬಹಳ ಹೊತ್ತಿನ ಮೇಲೆ ವಾಪಸು ಬಂದರು.

"ನಿಮ್ಮಟ್ಟಿ ಅಂಗ್ಳ ಎಂಗದೆ ತಾಯಿ?" ಎಂದು ಕೇಳಿದರು.

ಮನೆಯ ಅಂಗಳ ಚೆನ್ನಾಗಿದೆ, ಮಧ್ಯದಲ್ಲಿ ಒಂದು ಕಡೆ ಸ್ವಲ್ಪ ಕುಸಿದಿದೆ ಎಂದೆ. ಅವರು ತಲೆಯಾಡಿಸಿದರು. ಕ್ಷೇಮ ಸಮಾಚಾರ ಕೇಳುವ ಹಾಗೆ ಕೇಳಿದ್ದಾರೆ, ಗಾರೆಯವರಲ್ಲವೇ, ಮಕ್ಕಳ ಬದಲು ಅಂಗಳ ಕೇಳುತ್ತಾರೆ ಎಂದುಕೊಂಡೆ.

ವಿಷಯ ತಿಳಿದದ್ದು ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹಿಂತಿರುಗಿದ ಮೇಲೆ, ಅತ್ತೆಯ ಬಾಯಿಂದ. ನಮ್ಮ ಅಂಗಳದ ಗಾರೆ ಹಾಕಿದವರೂ ಅವರೇ, ನಾನು ಬರುವುದಕ್ಕೆ ನಾಲ್ಕೈದು ವರ್ಷ ಮುಂಚೆ. ಹಾಕಿದ ಮರುವರ್ಷದ ಮಳೆಯಲ್ಲಿ ಮೂಟೆ ತುಂಬಿದ ಗಾಡಿ ಒಳಗೆ ಬರುತ್ತಿದ್ದಾಗ ನಡು ಅಂಗಳ ಬಾಯಿ ಬಿಟ್ಟಿತಂತೆ. ಎತ್ತಿನ ಮುಂಗಾಲು ಒಳಕ್ಕಿಳಿದು ಮೂಳೆ ಮುರಿಯಿತು. ಮಾವ ಸಾಕಿ ಬೆಳೆಸಿದ ಬಿಳಿ ಎತ್ತು, ಮೂರು ದಿನ ನರಳಿ ಸತ್ತಿತು. ಮಾವ ಅವರನ್ನು ಕರೆಸಿ, ಬೀದಿಯವರೆಲ್ಲರ ಮುಂದೆ ಬಾಯಿಗೆ ಬಂದಂತೆ ಬೈದು, ಇನ್ನು ನನ್ನ ಗೇಟು ದಾಟಿದರೆ ಕಾಲು ಮುರಿಯುತ್ತೇನೆ ಎಂದು ಅಟ್ಟಿದರು. ಅವರು ಒಂದು ಮಾತೂ ಎದುರಾಡಲಿಲ್ಲವಂತೆ. ಕೊಳ್ಳೇಗಾಲದಲ್ಲಿ ಎಷ್ಟೋ ವರ್ಷ ಅವರನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ.

ನನ್ನ ಮಾವ ಕೆಟ್ಟವರಲ್ಲ. ಮೂರು ಹೊತ್ತು ಲಿಂಗಪೂಜೆ, ಬಂದ ಜಂಗಮರಿಗೆ ಊಟ, ಸೊಸೆ ಎಂದು ನನ್ನನ್ನು ಒಂದು ದಿನ ಗದರಿದವರಲ್ಲ. ಆದರೆ ಆ ಅಂಗಳದ ವಿಷಯ ಬಂದರೆ ಮುಖ ಗಂಟಾಗುತ್ತಿತ್ತು. ಪ್ರತಿ ಮಳೆಗಾಲ ಅಲ್ಲಿ ಒಂದಿಷ್ಟು ಕುಸಿಯುವುದು, ಮಾವ ತಾವೇ ನಿಂತು ಕಲ್ಲುಮಣ್ಣು ಸುರಿಸಿ ಮುಚ್ಚಿಸುವುದು, ಮತ್ತೆ ಕುಸಿಯುವುದು. ಒಂದು ವರ್ಷ ಪರ್ಮಿಟ್ಟಿನ ಸಿಮೆಂಟು ತಂದು ಮೆತ್ತಿಸಿದರು, ಅದೂ ಹಪ್ಪಳದ ಹಾಗೆ ಒಡೆಯಿತು. ಅಗೆಸಿ ನೋಡೋಣ ಎಂದು ನನ್ನ ಗಂಡ ಅಂದರೆ, ಬೇಡವೆಂದರೆ ಬೇಡ. ಗಾಡಿಯವರು ಆ ಜಾಗ ತಪ್ಪಿಸಿ ಓರೆಯಾಗಿ ಬರುವುದನ್ನು ಕಲಿತರು, ನನ್ನ ಮಕ್ಕಳು ಅದನ್ನು ಸುತ್ತು ಹಾಕಿ ಓಡುವುದನ್ನು ಕಲಿತರು.

ತವರಿಗೆ ಹೋದಾಗಲೆಲ್ಲ ಯಳಂದೂರಿನ ಯಾವುದಾದರೂ ಅಂಗಳದಲ್ಲಿ ಅವರು ಸಿಗುತ್ತಿದ್ದರು. ಸಿಕ್ಕಾಗಲೆಲ್ಲ ಅದೇ ಪ್ರಶ್ನೆ. ನಿಮ್ಮಟ್ಟಿ ಅಂಗ್ಳ ಎಂಗದೆ? ನನಗೆ ಈಗ ಅದು ಕ್ಷೇಮ ಸಮಾಚಾರವಲ್ಲ ಎಂದು ಗೊತ್ತಿತ್ತು. ಈ ಸಲ ಇಷ್ಟು ಕುಸಿದಿದೆ, ಹೀಗೆ ಬಿರಿದಿದೆ ಎಂದು ಕೈಯಲ್ಲಿ ಅಳತೆ ತೋರಿಸುತ್ತಿದ್ದೆ. ಅವರು ಕಾಯಿಲೆಯವರ ಸುದ್ದಿ ಕೇಳುವ ಹಾಗೆ ಕೇಳಿಸಿಕೊಳ್ಳುತ್ತಿದ್ದರು. ಸತ್ತೇಗಾಲದಲ್ಲಿ ಒಂದು ತೋಟದ ಮನೆಯವರು ತೆಂಗಿನ ಬೇರು ದಾರಿಯನ್ನು ಎತ್ತಿ ಒಡೆದಿದೆ, ಮರ ಕಡಿಯಿರಿ ಎಂದರಂತೆ. ಮರ ಮೊದಲು ಬಂತೋ ಗಾಡಿ ಮೊದಲು ಬಂತೋ ಎಂದು ಕೇಳಿ, ದಾರಿಯನ್ನೇ ಮರದ ಸುತ್ತ ಬಳಸಿ ಹಾಕಿಕೊಟ್ಟು ಬಂದರಂತೆ. ಇಂಥ ಕಥೆ ಹೇಳಿ ನನ್ನನ್ನು ನಗಿಸುವ ಮನುಷ್ಯ, ನಮ್ಮ ಅಂಗಳದ ಮಾತು ಬಂದರೆ ನೆಲ ನೋಡುತ್ತಿದ್ದರು.

ವರ್ಷಗಳು ಹೇಗೆ ಉರುಳಿದವೋ. ನನ್ನ ಮಗಳು ಹೈಸ್ಕೂಲಿಗೆ ಹೋದಳು, ಅತ್ತೆ ತೀರಿಕೊಂಡರು. ನನ್ನ ಗಂಡ ಎತ್ತುಗಳನ್ನು ಮಾರಿ ಹಳೆಯದೊಂದು ಕಾರು ತಂದರು. ಅದು ಅಂಗಳದೊಳಗೆ ಬರುವಂತಿಲ್ಲ, ಬೀದಿಯಲ್ಲಿ ನಿಲ್ಲುತ್ತಿತ್ತು. ಒಂದು ಸಲ ಯಳಂದೂರಿನಲ್ಲಿ ಅವರು ಸಿಕ್ಕಾಗ, ನಾನೇ ಮಾತಾಡಿಸುವವರೆಗೂ ನಾನು ಯಾರೆಂದು ಗೊತ್ತಾಗಲಿಲ್ಲ. ಸುಣ್ಣ ಕಣ್ಣನ್ನು ತಿಂದಿತ್ತು. ಕಣ್ಣಿನ ಮೇಲೆ ಹಾಲಿನ ಕೆನೆಯಂತೆ ಪೊರೆ ಕಟ್ಟಿತ್ತು. ಅವತ್ತು ಮೊದಲ ಬಾರಿಗೆ ಅವರು ನನ್ನಲ್ಲಿ ಒಂದು ಮಾತು ಕೇಳಿದರು.

"ನಿಮ್ ಮಾವಾರ್ಗೆ ಒಂದ್ ಮಾತೇಳಿ ತಾಯಿ. ಕಣ್ಣು ಪೂರ್ತಿ ಓಗೋಕ್ ಮುಂಚೆ ಆ ಅಂಗ್ಳ ಒಂದ್ಸಲ ಬಿಚ್ಬೇಕು ನಾನು. ಕೂಲಿ ಬ್ಯಾಡ. ಅದೊಂದ್ ಹಂಗೇ ಉಳ್ಕಂಡ್ಬುಟ್ಟದೆ."

ನನಗೆ ಅಳು ಬಂತು. ಬಂದು ಮಾವನಿಗೆ ಹೇಳಿದೆ. ಮಾವ ತಟ್ಟೆ ಬಿಟ್ಟು ಎದ್ದುಹೋದರು. ಎಂಥ ಹಟ ಎಂದು ನಾನು ಒಳಗೊಳಗೇ ಶಪಿಸಿದೆ, ಸುಳ್ಳೇಕೆ ಹೇಳಲಿ.

ಆ ಮಳೆಗಾಲದಲ್ಲಿಯೇ ಒಂದು ಬೆಳಗ್ಗೆ ಮಾವ ಹೂ ಕುಯ್ಯಲು ಹೋಗಿ ಆ ಕುಸಿದ ಜಾಗದಲ್ಲೇ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದು ಬಂದರೂ ಮತ್ತೆ ಎದ್ದು ಓಡಾಡಲಾಗಲಿಲ್ಲ. ಜಗಲಿಯ ಮೇಲೆ ಮಂಚ ಹಾಕಿಕೊಟ್ಟೆವು. ಅಂಗಳವನ್ನು ನೋಡುತ್ತ ಮಲಗಿರುತ್ತಿದ್ದರು. ಒಂದು ದಿನ ಗಂಜಿ ಕುಡಿಸುತ್ತಿದ್ದಾಗ, ಅಂಗಳದ ಕಡೆಯಿಂದ ಕಣ್ಣು ತೆಗೆಯದೆ, "ಅವನ್ನ ಬರೇಳವ್ವ" ಎಂದರು. ಯಾರನ್ನು ಎಂದು ನಾನು ಕೇಳಲಿಲ್ಲ.

ಹೇಳಿ ಕಳಿಸಿದ ನಾಲ್ಕನೇ ದಿನ ಬಂದರು. ಹೆಗಲ ಮೇಲೆ ಅದೇ ಕೋಲು. ಗೇಟು ತೆಗೆದೇ ಇತ್ತು, ಆದರೂ ಹೊರಗೇ ನಿಂತರು. ನಾನು ಬನ್ನಿ ಎಂದೆ, ನನ್ನ ಗಂಡ ಬನ್ನಿ ಎಂದರು, ಅವರು ಕದಲಲಿಲ್ಲ. ಮಂಚದ ಮೇಲಿಂದ ಮಾವ "ಬಾರಪ್ಪ" ಎಂದ ಮೇಲೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ಆ ಕುಸಿದ ಜಾಗಕ್ಕೆ ನೇರ ನಡೆದರು. ಕಣ್ಣು ಕಾಣದಿದ್ದರೂ ಕಾಲಿಗೆ ಗೊತ್ತಿತ್ತು. ಬೆಲ್ಲ ಹಾಕಲಿಲ್ಲ, ನೀರು ಹೊಯ್ಯಲಿಲ್ಲ. ಮಾವನ ಕಡೆ ಮುಖ ತಿರುಗಿಸಿ ಒಂದೇ ಪ್ರಶ್ನೆ ಕೇಳಿದರು.

"ಬುದ್ಧಿ, ಇಲ್ಲಿ ಅಗೇವು ಇತ್ತಾ?"

ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಹೂಜಿಯ ಆಕಾರ, ಮೇಲೆ ಚಿಕ್ಕ ಬಾಯಿ, ಬಾಯಿಗೆ ಚಪ್ಪಡಿ. ಹಳೆಯ ಮನೆಗಳ ಅಂಗಳದಲ್ಲೆಲ್ಲ ಇರುತ್ತಿತ್ತು. ನಮ್ಮ ಮನೆಯಲ್ಲಿ ಇಲ್ಲವೆಂದೇ ನನ್ನ ಗಂಡ ಕೂಡ ನಂಬಿದ್ದರು. ಮಾವ ಕಣ್ಣು ಮುಚ್ಚಿಕೊಂಡು "ಇತ್ತು" ಎಂದರು.

ನಿಧಾನವಾಗಿ, ಬಿಟ್ಟು ಬಿಟ್ಟು ಹೇಳಿದರು. ಯುದ್ಧದ ಕಾಲ, ಕಡ್ಡಾಯವಾಗಿ ಅಳೆಯಬೇಕಾದ ಲೆವಿ ಧಾನ್ಯಕ್ಕೆ ಸರ್ಕಾರದವರು ಮನೆ ಮನೆ ನುಗ್ಗುತ್ತಿದ್ದ ಕಾಲ. ಹಗೇವು ತುಂಬ ರಾಗಿ ಇಟ್ಟು, ಬಾಯಿ ಮುಚ್ಚಿ, ಮೇಲೆ ಮಣ್ಣು ಹರಡಿ, ಇಲ್ಲ ಎಂದುಬಿಟ್ಟರು. ಸರ್ಕಾರದವರಿಗೆ ಇಲ್ಲ ಎಂದದ್ದು ಸರಿಯೇ ಇತ್ತು. ಆದರೆ ಆ ವರ್ಷವೇ ಬೀದಿಯವರು, ಹೊಲದ ಆಳುಗಳು ಹೊಟ್ಟೆಗಿಲ್ಲದೆ ಮೊರ ಹಿಡಿದು ಬಂದರು. ಸರ್ಕಾರಕ್ಕೆ ಇಲ್ಲ ಎಂದವರು ಇವರಿಗೆ ಕೊಟ್ಟರೆ ಸುದ್ದಿಯಾಗುತ್ತದೆಂದು ಅವರಿಗೂ ಇಲ್ಲ ಎಂದರು.

"ಇಲ್ಲ ಅಂದ್ಮೇಲೆ ಎಂಗೆ ತೆಗೀಲಪ್ಪ? ತೆಗುದ್ರೆ ಬೀದಿಗೆಲ್ಲ ಗೊತ್ತಾಯ್ತಿತ್ತು. ನೀನು ಗಾರೆ ಹಾಕಕ್ ಬಂದು ಕೇಳ್ದಾಗ್ಲೂ ಇಲ್ಲ ಅಂದೆ. ನನ್ ಎತ್ತ ನಾನೇ ತಿಂದೆ. ನಿನ್ನ ಬೈದೆ."

ನಾನು ಕಂಬ ಹಿಡಿದು ನಿಂತಿದ್ದೆ. ಇಪ್ಪತ್ತು ವರ್ಷ ಬೇರೆಯವರ ತಲೆಗೆ ಕಟ್ಟಿದ ಪಾಪವನ್ನು ನನ್ನ ಮಾವ ಇಳಿಸಿಕೊಂಡರು, ಈ ಮನುಷ್ಯ ಈಗಲಾದರೂ ತಲೆಯೆತ್ತುತ್ತಾರೆ ಎಂದುಕೊಂಡೆ. ಅವರು ತಲೆಯೆತ್ತಲಿಲ್ಲ. ಕೋಲನ್ನು ನೆಲಕ್ಕೆ ಊರಿ ಅದರ ಮೇಲೆ ಗಲ್ಲವಿಟ್ಟರು.

"ನಂಗೊತ್ತಿತ್ತು ಬುದ್ಧಿ. ಅವತ್ತೇ ಕೋಲು ಏಳಿತ್ತು, ಒಳಗ್ ಟೊಳ್ಳದೆ ಅಂತ. ಒಣಗುದ್ಮೇಲೆ ಎತ್ತು ಓಡ್ಸುದ್ನಲ್ಲ, ಅದೇ ಬಿಳಿ ಎತ್ತು, ಇಲ್ಲಿಗ್ ಬಂದು ನಿಂತ್ಬುಡ್ತು. ಮುಂದ್ಕೆ ಅಡಿ ಇಡ್ಲಿಲ್ಲ. ದೊಡ್ಡೋರು ಇಲ್ಲ ಅಂದವ್ರೆ, ಎತ್ತಿಗೇನ್ ಗೊತ್ತು ಅಂತ ಬಾಲ ತಿರುವ್ಬುಟ್ಟು ಓಡ್ಸುದ್ನಿ. ನಿಮ್ ಮಾತ ಕೇಳ್ದಿ, ನೆಲದ್ ಮಾತ ಕೇಳ್ನಿಲ್ಲ. ತೆಪ್ಪು ನಂದೇಯ."

ಇರುವೆಯನ್ನು ಕೇಳುವುದು, ನೀರನ್ನು ಕೇಳುವುದು, ಬೋರಲು ಬಿದ್ದು ನೆಲವನ್ನು ಕೇಳುವುದು, ಮನೆಯ ಯಜಮಾನರನ್ನು ಮಾತ್ರ ಏನೂ ಕೇಳದಿರುವುದು ಏಕೆಂದು ನನಗೆ ಆಗ ಅರ್ಥವಾಯಿತು.

ಮರುದಿನ ಬೆಳಗ್ಗೆ ಅಗೆದರು. ಚಪ್ಪಡಿ ಎರಡು ಹೋಳಾಗಿತ್ತು. ಲಾಟೀನು ಹಚ್ಚಿ ಹಗ್ಗ ಕಟ್ಟಿ ಇಳಿಬಿಟ್ಟರೆ ಅರ್ಧಕ್ಕೇ ಆರಿತು. ಹಗೇವಿನ ಗಾಳಿ ಮನುಷ್ಯರನ್ನು ತೆಗೆದುಬಿಡುತ್ತದೆ. ಬೇವಿನ ಸೊಪ್ಪಿನ ಕಟ್ಟನ್ನು ಇಳಿಸಿ ಎತ್ತಿ, ಇಳಿಸಿ ಎತ್ತಿ ಎರಡು ದಿನ ಗಾಳಿಯಾಡಿಸಿದರು. ಆಮೇಲೆ ಆಳುಗಳು ಇಳಿದು ರಾಗಿಯನ್ನು ಮೇಲಕ್ಕೆ ಹಾಕಿದರು. ನೀರು ಕುಡಿದು ಕೊಳೆತು ಕಪ್ಪಾಗಿ, ಒಳ್ಳೆಯ ಗೊಬ್ಬರದ ಹಾಗಿತ್ತು. ಬೀದಿಯವರೆಲ್ಲ ಗೇಟಿನಲ್ಲಿ ಕೂಡಿದರು. ಎದುರು ಮನೆಯ ಅಜ್ಜಿ ರಾಶಿಯನ್ನು ನೋಡಿ, ಇಷ್ಟಿತ್ತಾ ಎಂದಳು, ಅಷ್ಟೇ. ನಾನು ಮಾವನ ಮಂಚವನ್ನು ಒಳಗೆ ಹಾಕಿಸುತ್ತೇನೆ ಎಂದೆ. ಅವರು ಬೇಡವೆಂದರು. ರಾಶಿ ಮುಗಿಯುವವರೆಗೆ ಎಲ್ಲರೆದುರು ಕಣ್ಣು ತೆರೆದುಕೊಂಡೇ ಮಲಗಿದ್ದರು.

ಹಗೇವು ತುಂಬಲು ಹದಿನೈದು ದಿನ ಹಿಡಿಯಿತು. ಗೇಣು ಗೇಣಿಗೂ ದಮ್ಮಸ್ಸು. ಕೊನೆಯ ಗಾರೆಯನ್ನು ಯಾರಿಗೂ ಮುಟ್ಟಗೊಡದೆ, ಬೆಣಚುಕಲ್ಲು ಹಿಡಿದು, ಅಂಗೈಯಲ್ಲಿ ತಡವಿ ತಡವಿ ಅವರೇ ಉಜ್ಜಿದರು. ಮಧ್ಯಾಹ್ನದ ಹೊತ್ತು ಉಜ್ಜುವ ಸದ್ದು ಜೋಗುಳದ ಹಾಗೆ ಬರುತ್ತಿತ್ತು. ಮಂಚದ ಮೇಲೆ ಮಾವ, ಕಂಬದ ಬುಡದಲ್ಲಿ ನಾನು, ಇಬ್ಬರಿಗೂ ತೂಕಡಿಕೆ. ಬೆಲ್ಲ, ಅಳಲೆಕಾಯಿಯ ವಾಸನೆಗೆ ನಾನು ಮತ್ತೆ ಯಳಂದೂರಿನ ಬಸುರಿಯಾಗಿಬಿಡುತ್ತಿದ್ದೆ.

ಗಾರೆ ಒಣಗಿದ ದಿನ ನನ್ನ ಗಂಡ ಕಾರು ಒಳಗೆ ತರುತ್ತೇನೆಂದರು. ಅವರು ಅಡ್ಡ ನಿಂತರು. ಎತ್ತು ಬೇಕು. ನಮ್ಮ ಮನೆಯಲ್ಲಿ ಎತ್ತೆಲ್ಲಿದೆ? ಆ ಕೊನೆಬೀದಿಯ ಗಾಣದವರ ಮನೆಯಿಂದ ಒಂದು ಎತ್ತನ್ನು ಕೇಳಿ ತರಿಸಿದೆ. ಅದೂ ಬಿಳಿಯದೇ ಬಂತು; ನಾನು ಹೇಳಿರಲಿಲ್ಲ. ಅವರು ಅದರ ಬೆನ್ನು ತಡವಿ, ಬಾಲವನ್ನು ಮುಟ್ಟದೆ, ಹಗ್ಗವನ್ನೂ ಹಿಡಿಯದೆ, ಬೆನ್ನ ಮೇಲೆ ಬರಿ ಕೈಯಿಟ್ಟರು. ಎತ್ತು ಗೇಟಿನಿಂದ ಒಳಗೆ ಬಂತು. ನಡು ಅಂಗಳ ಹತ್ತಿರವಾದಂತೆ ಅವರು ಆ ಕೈಯನ್ನೂ ಬೆನ್ನಿನಿಂದ ತೆಗೆದರು. ಎತ್ತು ನಿಲ್ಲಲಿಲ್ಲ. ಅದರ ಪಾಡಿಗೆ ಬಾಲ ಬೀಸುತ್ತ ದಾಟಿ, ಜಗಲಿಯ ಹತ್ತಿರ ಬಂದು ಮಾವನ ಮಂಚದ ಕಾಲನ್ನು ಮೂಸಿತು.

ಅವರು ಮಾತ್ರ ಅಲ್ಲೇ ಉಳಿದರು. ಟವೆಲು ಬಿಚ್ಚಿ ಪಕ್ಕಕ್ಕಿಟ್ಟು, ಮೊಣಕಾಲೂರಿ, ಬೋರಲು ಮಲಗಿ, ಕೆನ್ನೆಯನ್ನು ಗಾರೆಗೆ ಹಚ್ಚಿ ಕಿವಿ ಇಟ್ಟರು. ಬಹಳ ಹೊತ್ತು ಹಾಗೇ ಇದ್ದರು. ಜಗಲಿಯಿಂದ ಮಾವ ಕೇಳಿದರು.

"ಏನಂತದಪ್ಪ?"

ಅವರು ಏಳಲಿಲ್ಲ, ಕಣ್ಣೂ ತೆರೆಯಲಿಲ್ಲ.

"ಏನೂ ಅನ್ನಲ್ಲ ಬುದ್ಧಿ" ಎಂದರು.